ಹದಿನಾಲ್ಕನೇ ಕೋಣೆಯ ಬೀಗ ತೆಗೆಸಿ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಹದಿನಾಲ್ಕನೇ ಕೋಣೆಯಲ್ಲಿ ನಡೆಯುತ್ತಿದ್ದ ದೃಷ್ಟಿ ತರಬೇತಿಯನ್ನು ತಾವು ನಿಲ್ಲಿಸಿ ಇಂದಿಗೆ ಇಪ್ಪತ್ತಾರು ದಿನ. ಈಗ ಅಲ್ಲಿ ಹಳೆಯ ಕಡತಗಳು ಹಾಯಾಗಿ ಮಲಗಿವೆ. ಅವುಗಳಿಗೆ ಒಳ್ಳೆಯ ಬೆಳಕು, ಎರಡು ಕಿಟಕಿ. ಮನುಷ್ಯರು ಮಾತ್ರ ಹೊರಗೆ. ಮೂರು ಅರ್ಜಿ ಕೊಟ್ಟೆ, ಒಂದಕ್ಕೂ ಉತ್ತರವಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಅಂಗಿಗಳಿಗೆ ಕಾಜಾ ಹೊಲಿಯುವವಳು. ನನ್ನ ಮಗಳಿಗೆ ಹತ್ತು ವರ್ಷ. ಪುಸ್ತಕ ಹಿಡಿದರೆ ಒಂದು ಸಾಲು ಓದಿ ಮೂರನೆಯದಕ್ಕೆ ಹಾರುತ್ತಿದ್ದಳು. ಹತ್ತು ನಿಮಿಷಕ್ಕೆ ತಲೆನೋವು. ಕಣ್ಣು ಪರೀಕ್ಷೆಗೆ ಕೂರಿಸಿದರೆ ಗೋಡೆಯ ಮೇಲಿನ ಕಟ್ಟಕಡೆಯ ಅಕ್ಷರವನ್ನೂ ಪಟಪಟನೆ ಹೇಳುತ್ತಿದ್ದಳು. ಕಣ್ಣು ಸರಿಯಿದೆ ಎಂದ ಮೇಲೆ ತಪ್ಪು ಯಾರದು? ಅವಳದೇ! ಟೀಚರು 'ಗಮನವಿಲ್ಲ' ಎಂದು ಬರೆದರು, ನಾನು 'ಮೈಗಳ್ಳಿ' ಎಂದು ಬೈದೆ. ಎರಡು ವರ್ಷ ಬೈದೆ. ಒಂದು ದಿನ ಅವಳು ಅಳುತ್ತಾ, "ಅಮ್ಮಾ, ಅಕ್ಷರ ಎರಡೆರಡಾಗಿ ಈಜ್ತಾವಲ್ಲ, ನಿಂಗೆ ಅವು ಹೇಗೆ ನಿಲ್ತಾವೆ?" ಎಂದು ಕೇಳಿದಳು. ಎಲ್ಲರಿಗೂ ಹಾಗೇ ಕಾಣುತ್ತದೆಂದು ಅವಳು ನಂಬಿದ್ದಳು.

ಹದಿನಾಲ್ಕನೇ ಕೋಣೆಯ ತರಬೇತುದಾರೆ ಅರ್ಧ ಗಂಟೆ ಪರೀಕ್ಷಿಸಿ, "ಎರಡೂ ಕಣ್ಣು ಚೆನ್ನಾಗೇ ಇವೆ ಅಕ್ಕಾ, ಜೋಡಿಯಾಗಿ ಕೆಲಸ ಮಾಡೋದು ಕಲಿತಿಲ್ಲ ಅಷ್ಟೇ. ಕಲಿಸೋಣ" ಎಂದರು. ಮಣಿ ಪೋಣಿಸಿದ ದಾರದ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದನ್ನು ಅವಳ ಮೂಗಿಗೆ ತಾಗಿಸಿ, ಎರಡಾಗಿ ಕಾಣುವ ಮಣಿ ಒಂದಾಗುವವರೆಗೆ ನೋಡಿಸುತ್ತಿದ್ದರು. ಹದಿನಾರು ವಾರದ ಪಾಠ.

ಅದೇ ಹೊತ್ತಿಗೆ ಒಬ್ಬ ಬಡಗಿಯೂ ಬರುತ್ತಿದ್ದರು. ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದಂದಿನಿಂದ ಅವರಿಗೆ ಎಲ್ಲವೂ ಎರಡು. "ಎರಡು ಮೊಳೆ ಕಾಣ್ತದಮ್ಮಾ, ಸುತ್ತಿಗೆ ಯಾವಾಗ್ಲೂ ಇಲ್ಲದ ಮೊಳೆಗೇ ಬೀಳ್ತದೆ" ಎಂದು ನಗಿಸುತ್ತಿದ್ದರು. ಮಗಳಿಗೆ ಅವರು ತಾತ. ಮಣಿ ಮೊದಲು ಯಾರಿಗೆ ಒಂದಾಗುತ್ತದೆಂದು ಇಬ್ಬರಿಗೂ ಪಂದ್ಯ. ಎಂಟನೇ ವಾರ ತಾತ ಹಲಗೆಗೆ ಒಂದೇ ಏಟಿಗೆ ಮೊಳೆ ಹೊಡೆದಾಗ ಕೋಣೆಯೆಲ್ಲ ಚಪ್ಪಾಳೆ.

ಹನ್ನೊಂದನೇ ವಾರ ಹೋದರೆ ಬೀಗ, ಬಾಗಿಲಿಗೆ ತಮ್ಮ ಆದೇಶ. ಕಾರಣ: 'ತರಬೇತಿಗೆ ಬರುವವರ ದೃಷ್ಟಿ ಸಾಮಾನ್ಯವಾಗಿರುವುದರಿಂದ ಚಿಕಿತ್ಸೆ ಅನಗತ್ಯ.' ಎಂಥ ಪಾಂಡಿತ್ಯ! ಕಾಲು ಮುರಿಯದವನಿಗೆ ನಡಿಗೆ ಬಂದೇ ಬರುತ್ತದೆಯೇ? ಆ ಹಾಳೆಯನ್ನು ಮಗಳು ಗಟ್ಟಿಯಾಗಿ ಓದಿದಳು. ಬೆರಳಿಡದೆ, ಒಂದು ಸಾಲೂ ಜಿಗಿಯದೆ, ಕೊನೆಯ ಮೊಹರಿನವರೆಗೆ. "ಅಮ್ಮಾ, ಪೂರ್ತಿ ಓದ್ದೆ!" ಎಂದು ಕುಣಿದಳು. ಓದಿದ್ದು ಏನೆಂದು ಅರ್ಥವಾಗಿದ್ದು ಆಮೇಲೆ. ಮುಖ ಬಾಡಿತು. ಬಡಗಿ ತಾತ ಗೋಡೆ ಹಿಡಿದು ನಿಂತು, "ಇನ್ನೊಂದ್ಸಲ ಓದು ಮಗಾ, ಎಲ್ಲಾದ್ರೂ 'ನಾಳೆ ಬನ್ನಿ' ಅಂತಿದೆಯಾ ನೋಡು" ಎಂದರು. ಇರಲಿಲ್ಲ.

ಈಗ ಆ ತರಬೇತುದಾರೆ ಕೆಳಗಿನ ಕೌಂಟರಿನಲ್ಲಿ ಟೋಕನ್ ಹರಿದು ಕೊಡುತ್ತಿದ್ದಾರೆ. ತಾತ ಮನೆ ಬಿಟ್ಟು ಹೊರಡುತ್ತಿಲ್ಲ. ಮಗಳಿಗೆ ಮತ್ತೆ ಸಂಜೆ ಹೊತ್ತಿಗೆ ಅಕ್ಷರ ಈಜುತ್ತಿವೆ. ಕಡತಗಳನ್ನು ತಮ್ಮ ಕೊಠಡಿಗೆ ಸಾಗಿಸಿ, ಅಲ್ಲಿ ಜಾಗ ಬೇಕಾದಷ್ಟಿದೆ. ಉಳಿದ ಆರು ವಾರ ನಮಗೆ ಕೊಡಿ, ನಮ್ಮ ಹಿಂದೆ ಕಾದಿರುವವರಿಗೆ ಬಾಗಿಲು ತೆರೆದಿಡಿ. ಸೋಮವಾರ ಹತ್ತು ಗಂಟೆಗೆ ನಾವು ಮೂವರೂ ಆ ಬಾಗಿಲ ಮುಂದೆ ಕೂತಿರುತ್ತೇವೆ. ಎಬ್ಬಿಸಬೇಕೆಂದರೆ ಕಾವಲುಗಾರನನ್ನು ಕಳಿಸಬೇಡಿ, ತಾವೇ ಬನ್ನಿ.

ಇಂತಿ,
ಎರಡು ವರ್ಷ ಮಗಳನ್ನು ಸುಮ್ಮಸುಮ್ಮನೆ ಬೈದ ತಾಯಿ