ಐವತ್ತೆರಡನೇ ನಂಬರಿನ ಅಂಗಿ

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡಪ್ಪಿ ಓಡಿಬರುವವರನ್ನು ನೆಲಕ್ಕೆ ಕೆಡಹುವ ಲೈನ್‌ಬ್ಯಾಕರ್ ಕುಲತಿಲಕ, ಓಹಾಯೋದ ಉಕ್ಕಿನ ಗೋಡೆ, ದಿವಂಗತ ಲಮಾಂಟ್ ಟಿಸ್ಡೇಲ್ ಮಹಾಶಯರ ದೈತ್ಯ ಬೂಟುಗಳ ಸನ್ನಿಧಿಗೆ, ಅಂದರೆ ಅಪ್ಪಾ, ನಿನಗೆ,

ಇಂದು ಶಾಲೆಯಲ್ಲಿ ನನ್ನ ಪಟ್ಟಾಭಿಷೇಕ ನಡೆಯುವುದರಲ್ಲಿತ್ತು. ಪಂದ್ಯಕ್ಕೆ ಮುನ್ನ ಎಲ್ಲರೂ ಸೇರಿದ್ದರು. ನೀನು ಇದೇ ಶಾಲೆಯಿಂದ ವೃತ್ತಿಪರ ಲೀಗಿಗೆ ಹೋದ ಮೇಲೆ ಯಾರಿಗೂ ಕೊಡದ ನಿನ್ನ ಅಂಗಿಯನ್ನು ಕೋಚ್ ಹ್ಯಾಸ್ಕೆಲ್ ಗಾಜಿನ ಕಪಾಟಿನಿಂದ ತೆಗೆದರು. ಅದನ್ನು ತೊಡುವ ಹಕ್ಕು ನಿನ್ನ ರಕ್ತಕ್ಕೆ ಮಾತ್ರವಂತೆ.

"ಬಾರೋ ಮರಿ ಟಿಸ್ಡೇಲ್! ನಿಮ್ಮಪ್ಪನ ಜಾಗ ಕಾಯ್ತಾ ಇದೆ, ತಂಡಕ್ಕೆ ಸೇರ್ಕೋ."

"ಕೋಚ್, ಇದ್ರೊಳಗೆ ಸಂಸಾರಾನೇ ಹೂಡ್ಬಹುದು. ಬಾಡಿಗೆ ಎಷ್ಟು?" ಅಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಥೂ ಕಪಿ, ನಿಮ್ಮಪ್ಪ ಇದ್ದಿದ್ರೆ ಇಲ್ಲೇ ಕೆಡವಿ ಹಾಕ್ತಿದ್ದ!" ಎನ್ನುತ್ತ ಕೋಚ್ ಕೂಡ ನಕ್ಕು ಅಂಗಿ ಮಡಚಿ ಮತ್ತೆ ಕಪಾಟಿಗಿಟ್ಟರು.

ಅಮ್ಮ ಮಾತ್ರ ನಗಲಿಲ್ಲ. ಆಟದ ಪೆಟ್ಟುಗಳಿಂದ ನಿನ್ನ ನೆನಪೇ ಅಳಿಸಿಹೋದ ಕೊನೆಯ ದಿನಗಳಲ್ಲಿ ಪ್ರತಿ ಬೆಳಗ್ಗೆ ನಿನಗೆ ನಿನ್ನ ಹೆಸರು ಹೇಳಿಕೊಟ್ಟವಳು ಅವಳು. ಕಾರು ತಲುಪುವವರೆಗೂ ನನ್ನ ಕೈ ಬಿಡಲಿಲ್ಲ. "ಹಸಿವಾಗಿದ್ಯಾ?" ಎಂದಷ್ಟೇ ಕೇಳಿದಳು.

ತಲೆಯಿಂದಲೇ ಗುದ್ದಿ ನೀನು ಕಟ್ಟಿದ ಹೆಸರನ್ನು ನಾನು ನಗೆಪಾಟಲು ಮಾಡಿದೆನೇನೋ, ಗೊತ್ತಿಲ್ಲ.

ನಿನ್ನ ಪರಮಭಕ್ತನೆಂದು ಊರಿಡೀ ನನ್ನನ್ನು ಹೊಗಳುತ್ತದೆ. ಆದರೆ ಅಪ್ಪಾ, ನಿನ್ನ ಒಂದು ಆಟವನ್ನೂ ನಾನು ಪೂರ್ತಿ ನೋಡಿಲ್ಲ. ನೀನು ಡಿಕ್ಕಿ ಹೊಡೆಯುವ ಹೊತ್ತಿಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.