ಅಮ್ಮನ ಹಣೆಗೆ ಅಂಟಿಸಿದ ಬಿಲ್ಲೆ

೧೪ ನವೆಂಬರ್, ಭಾನುವಾರ

ಪ್ರೀತಿಯ ಪುಟ್ಟಿ,

ನೀನೂ ಮಗುವೂ ಕ್ಷೇಮವಷ್ಟೆ? ಅಮ್ಮ ಚೆನ್ನಾಗಿದ್ದಾಳೆ, ಮೊದಲು ಅದನ್ನು ಓದಿಕೋ. ಫೋನಿನಲ್ಲಿ ಎಲ್ಲ ಸರಿಹೋಯಿತು ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಉಳಿದದ್ದನ್ನು ಬರೆಯುತ್ತೇನೆ ಎಂದವಳು ಹನ್ನೊಂದು ದಿನ ಸುಮ್ಮನಿದ್ದೆ. ಬೈಯಬೇಕೆನಿಸಿದರೆ ಬೈದುಬಿಡು.

ನಿನ್ನ ಬಾಣಂತನಕ್ಕೆಂದು ಹೊರಟ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳಲ್ಲ, ನೋವಿಗಿಂತ ಆ ಬೇಸರವೇ ಅವಳಿಗೆ ಹೆಚ್ಚು. ಆಪರೇಷನ್ ನಮ್ಮ ಆಸ್ಪತ್ರೆಯಲ್ಲೇ ಆಯಿತು. ನನ್ನ ಕೆಲಸ ನಿನಗೆ ಗೊತ್ತೇ ಇದೆ, ಅರಿವಳಿಕೆ ಡಾಕ್ಟರಮ್ಮನ ಪಕ್ಕ ನಿಂತು ಯಂತ್ರಗಳನ್ನು ನೋಡಿಕೊಳ್ಳುವುದು. ಸ್ವಂತ ಅಮ್ಮನಿಗೆ ನಾನೇ ನಿಲ್ಲುವುದು ಅವರಿಗೆ ಅಷ್ಟು ಇಷ್ಟವಿರಲಿಲ್ಲ. ಅತ್ತರೆ ಹೊರಗೆ ಕಳಿಸುತ್ತೇನೆ ಎಂಬ ಕರಾರಿನ ಮೇಲೆ ಒಪ್ಪಿದರು.

ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಅಮ್ಮ ಎಚ್ಚರವಾಗಿದ್ದಳು. ಎಚ್ಚರವಿದ್ದವರ ಗಂಟಲಿಗೆ ಮೈಬಿಸಿ ನೋಡುವ ತಂತಿ ಇಳಿಸುವಂತಿಲ್ಲ. ಅದಕ್ಕೇ ಹಣೆಗೊಂದು ಬಿಲ್ಲೆ ಅಂಟಿಸಿದೆ. ಚುಚ್ಚುವುದಿಲ್ಲ, ನೋಯುವುದಿಲ್ಲ, ಮೈಯ ಬಿಸಿ ಪರದೆಯ ಮೇಲೆ ಬರುತ್ತದೆ. "ಅಂಚೆಚೀಟಿ ಅಂಟಿಸಿ ಎಲ್ಲಿಗೆ ಕಳಿಸ್ತಿದ್ದೀಯೇ ನನ್ನ?" ಎಂದಳು. ಕೈ ತೊಳೆದು ಬಂದು ನಿಂತಿದ್ದ ಸರ್ಜನ್ನರೂ ನಕ್ಕರು.

ಅರ್ಧ ಗಂಟೆಯಾದ ಮೇಲೆ ಚಳಿ ಎಂದಳು. ಪರದೆಯಲ್ಲಿ ಮೂವತ್ತೇಳು ಡಿಗ್ರಿ ಇತ್ತು. ಎಲ್ಲ ಸರಿಯಿದೆ, ಸುಮ್ಮನೆ ಮಲಗು ಎಂದೆ. ಅವಳು ನನ್ನನ್ನೇ ನೋಡಿದಳು.

"ನಿನ್ನ ಯಂತ್ರಕ್ಕೆ ಚಳಿ ಆಗ್ತಿಲ್ಲ ಕಣೇ, ನನಗಾಗ್ತಿದೆ."

ಕೈ ಮುಟ್ಟಿ ನೋಡಿದರೆ ಮಂಜುಗಡ್ಡೆ. ನೋಡುತ್ತೇನೆ, ನನ್ನದೇ ಘನಕಾರ್ಯ! ಮೈ ತಣ್ಣಗಾಗದಂತೆ ಹೊದಿಸುವ ಬಿಸಿಗಾಳಿಯ ಹೊದಿಕೆಯನ್ನು ಬೇರೆಯವರಿಗಾದರೆ ಹೆಗಲಿಗೇ ನಿಲ್ಲಿಸುತ್ತಿದ್ದೆ. ಪಾಪ, ಅಮ್ಮ ಎಂದು ಗಲ್ಲದವರೆಗೆ ಎಳೆದಿದ್ದೆ. ಅಂಚು ಸಡಿಲಾಗಿ ಗಾಳಿಯೆಲ್ಲ ಸೋರಿ ಹಣೆಗೆ ಬಡಿಯುತ್ತಿತ್ತು. ಬಿಲ್ಲೆ ಬೆಚ್ಚಗಿತ್ತು, ಅಮ್ಮ ತಣ್ಣಗಾಗುತ್ತಿದ್ದಳು.

ಹೊದಿಕೆ ಸರಿಮಾಡಿ ಹೊಸ ಬಿಲ್ಲೆ ಅಂಟಿಸಿದೆ. ಮೂವತ್ತೈದಕ್ಕೂ ಕೆಳಗೆ! ತಪ್ಪು ನನ್ನದೆಂದು ಡಾಕ್ಟರಮ್ಮನಿಗೆ ಅಲ್ಲೇ ಹೇಳಿದೆ. ಅವರು ಬೈಯಲಿಲ್ಲ, ಡ್ರಿಪ್ ಬೆಚ್ಚಗೆ ಮಾಡಿಸಿದರು, ಏಸಿ ತಗ್ಗಿಸಿದರು. ಒಂದೊಂದು ಅಂಕಿ ಏರಿದಾಗಲೂ ನಾನು ಉಸಿರು ಬಿಟ್ಟೆ. ಮೂವತ್ತಾರೂವರೆಗೆ ಬಂದ ಮೇಲೆಯೇ ಹೊರಗೆ ಕರೆತಂದೆವು. ಈಗ ವಾಕರ್ ಹಿಡಿದು ಓಡಾಡುತ್ತ ನನ್ನ ಅಡುಗೆಗೆ ಹೆಸರಿಡುತ್ತಿದ್ದಾಳೆ. ಹೋದ ಜೀವ ಬಂದಂತಾಗಿದೆ ನನಗೆ.

ಮಗುವಿನ ಪಾದ ಆಗಾಗ ಮುಟ್ಟಿ ನೋಡುತ್ತಿರು. ಇಬ್ಬರೂ ನೂರು ಕಾಲ ಬೆಚ್ಚಗೆ ಬಾಳಿ.

ನಿನ್ನ
ಅಕ್ಕ

ಕಾಗದ ಮಡಿಚುವ ಮುನ್ನ: ಹತ್ತು ವರ್ಷದ ಹಿಂದೆ ಅಪ್ಪನನ್ನು ಆಪರೇಷನ್ ಮುಗಿಸಿ ಹೊರತಂದ ಸಂಜೆ ನೀನು ಮಂಚದ ಪಕ್ಕ ನಿಂತು, "ಅಕ್ಕಾ, ಅಪ್ಪನ ಕಾಲು ತಣ್ಣಗಿದೆ" ಎಂದಿದ್ದೆ. ನಾನು ಕೆಲಸಕ್ಕೆ ಸೇರಿ ಆಗಿನ್ನೂ ಆರು ತಿಂಗಳು. ಪರದೆ ನೋಡಿ, ಅಂಕಿ ಸರಿಯಿದೆ, ನಿನಗೇನು ಗೊತ್ತಾಗುತ್ತದೆ ಎಂದು ಎಲ್ಲರೆದುರು ನಿನ್ನನ್ನು ಹೊರಗೆ ಕಳಿಸಿದೆ. ಮೂರನೇ ದಿನ ಅಪ್ಪ ಹೋದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು, ಇರಬಹುದು. ಆದರೆ ಪುಟ್ಟಿ, ಅಪ್ಪನ ಕಾಲನ್ನು ನಾನು ಅಂದು ಮುಟ್ಟಿ ನೋಡಲೇ ಇಲ್ಲ.