ಹಿಂದಕ್ಕೆ ತಿರುಗಿಸಿದ ತಾರೀಖು

ಮಾರ್ಚ್ 3, ಬೆಳಿಗ್ಗೆ 8

ಗಿಡಕ್ಕೆ ನೀರು ಹಾಕಿದೆ. ಎಂಟಾಗುತ್ತಲೇ ಕಾಲು ತಾನಾಗಿ ಚಪ್ಪಲಿ ಹುಡುಕಿತು. ಆಫೀಸಿಗೆ ಬೀಗಮುದ್ರೆ ಬಿದ್ದು ಹನ್ನೆರಡು ದಿನ — ಕಾಲಿಗೆ ಯಾರು ಹೇಳಬೇಕು. ತಮ್ಮನದು ಲಿಫ್ಟ್ ತಪಾಸಣೆಯ ಕಂಪನಿ. ಸರ್ಟಿಫಿಕೇಟ್ ಟೈಪ್ ಮಾಡುವವಳು ನಾನು, ಸೀಲು ಒತ್ತುವವಳೂ ನಾನೇ. ನಾವು ಪಾಸ್ ಮಾಡಿದ್ದ ಒಂದು ಲಿಫ್ಟು ಮೂರು ಅಂತಸ್ತು ಕೆಳಗೆ ಬಿತ್ತು. ಒಬ್ಬಾಕೆಯ ಸೊಂಟ ಮುರಿಯಿತು. ತಮ್ಮ ಜಾಮೀನಿನ ಮೇಲಿದ್ದಾನೆ. ಫೋನಿಲ್ಲ, ಮಾತಿಲ್ಲ.

ಮಾರ್ಚ್ 5

ಲೈಬ್ರರಿಯಿಂದ ಕಾನೂನಿನ ಪುಸ್ತಕ ತಂದೆ. ಓದಿದ್ದು ಏಳನೇ ಕ್ಲಾಸು. ಡಿಕ್ಷನರಿ ತೊಡೆಯ ಮೇಲೆ. ‘ವೈಟ್ ಕಾಲರ್ ಅಪರಾಧ’ ಅಂತ ಒಂದು ಅಧ್ಯಾಯ. ತಮ್ಮನ ಕಾಲರಿಗೆ ಇಸ್ತ್ರಿ ಹಾಕಿದವಳು ನಾನೇ... ನಗು ಬಂತು. ಹೇಳಿಕೊಳ್ಳಲು ಪಕ್ಕದಲ್ಲಿ ಯಾರಿದ್ದಾರೆ. ಸುಳ್ಳು ದಾಖಲೆ ಹುಟ್ಟಿಸಿದರೆ ಒಂದು ಅಪರಾಧ. ಅದನ್ನು ಅಸಲಿ ಎಂದು ಬಳಸಿದರೆ ಇನ್ನೊಂದು. ಜೈಲೂ ಉಂಟು, ದಂಡವೂ ಉಂಟು. ಚಾಕು ಹಿಡಿಯಲೇಬೇಕೆಂದಿಲ್ಲ.

ಮಾರ್ಚ್ 6

ಬರೆದೇ ಬಿಡುತ್ತೇನೆ. ತಪಾಸಣೆಗೆ ಯಾರೂ ಹೋಗದೆ ಗಡುವು ದಾಟಿದಾಗಲೆಲ್ಲ ತಮ್ಮ ಹೇಳುತ್ತಿದ್ದ — “ಅಕ್ಕಾ, ಚಕ್ರ ಸ್ವಲ್ಪ ಹಿಂದಕ್ಕೆ.” ಸೀಲಿನ ತಾರೀಖಿನ ಚಕ್ರ ತಿರುಗಿಸಿ ಒತ್ತುತ್ತಿದ್ದೆ. ಒಮ್ಮೆ ವಾಪಸ್ ಮುಂದಕ್ಕೆ ತರಲು ಮರೆತು ಬೈಸಿಕೊಂಡೆ. ಅಂದಿನಿಂದ ಈ ಡೈರಿಯ ಹಿಂದಿನ ಹಾಳೆಗಳಲ್ಲಿ ಗುರುತು ಹಾಕಿಕೊಂಡೆ: ಯಾವ ಲಿಫ್ಟು, ನಿಜವಾದ ತಾರೀಖು, ಒತ್ತಿದ ತಾರೀಖು. ನಲವತ್ತೊಂದು ಲಿಫ್ಟು, ಬಿದ್ದದ್ದೂ ಸೇರಿ. ಅಚ್ಚುಕಟ್ಟು ಅಂದುಕೊಂಡಿದ್ದೆ. ಯಾಕೆಂದು ಕೇಳಲಿಲ್ಲ. ಎತ್ತಿ ಆಡಿಸಿದ ತಮ್ಮನನ್ನು ಕೇಳುವುದೇನು.

ಮಾರ್ಚ್ 9, ಸಂಜೆ

ತಮ್ಮನ ಹೆಂಡತಿ ಬಂದಿದ್ದಳು. ಚಪ್ಪಲಿ ಬಿಡಲಿಲ್ಲ, ಹೊಸ್ತಿಲು ದಾಟಲಿಲ್ಲ. ಡೈರಿಯ ವಿಷಯ ಅವಳಿಗೆ ಗೊತ್ತು, ಪೊಲೀಸರಿಗೆ ಗೊತ್ತಿಲ್ಲ. ಒಲೆಗೆ ಹಾಕಿಬಿಡಿ ಅಂದಳು. ಸಾಕ್ಷ್ಯ ನಾಶ ಮಾಡಿದರೆ ಅದಕ್ಕೂ ಶಿಕ್ಷೆ ಇದೆಯಮ್ಮ, ಓದಿದ್ದೇನೆ ಅಂದೆ.

“ಓದಿ ಅತ್ತಿಗೆ, ಚೆನ್ನಾಗಿ ಓದಿ. ಆ ಪುಸ್ತಕ ನಿಮ್ಮನ್ನ ಅಕ್ಕಾ ಅಂತ ಕರೆಯಲ್ಲ.”

ಮಾಡಿಟ್ಟ ಚಹಾ ಎರಡು ಲೋಟವನ್ನೂ ನಾನೇ ಕುಡಿದೆ.

ಮಾರ್ಚ್ 10

ಒಲೆ ಹಚ್ಚಿದೆ. ಹಾಲು ಕಾಯಿಸಿದೆ. ಆರಿಸಿದೆ.

ಮಾರ್ಚ್ 17, ಮಧ್ಯಾಹ್ನ

ಆಸ್ಪತ್ರೆಗೆ ಹೋಗಿಬಂದೆ. ಸೊಂಟ ಮುರಿದಾಕೆ ದರ್ಜಿಯಂತೆ, ನನಗಿಂತ ಚಿಕ್ಕವಳು. ನಾನ್ಯಾರೆಂದು ಹೇಳಲಿಲ್ಲ. ರೋಗಿಗಳನ್ನು ಮಾತಾಡಿಸಲು ಬಂದವಳು ಅಂದುಕೊಂಡಳು. ಸೂಜಿ ಹಿಡಿಯುವ ಬೆರಳು ಸುಮ್ಮನೆ ಹೊದಿಕೆಯ ಅಂಚು ಮಡಚುತ್ತಿತ್ತು. ಏನೇನೋ ಹೇಳಿದಳು, ಇದು ಮಾತ್ರ ನೆನಪಿದೆ.

“ನಂಗೆ ಲಿಫ್ಟ್ ಅಂದ್ರೆ ಮೊದಲಿಂದ ಭಯ. ಒಳಗೆ ಕಾಗದ ಅಂಟಿಸಿದ್ರಲ್ಲ, ಅದರಲ್ಲಿ ಡೇಟು ನೋಡ್ಕೊಂಡೇ ಹತ್ತಿದ್ದು.”

ಮಾರ್ಚ್ 18, ಮಧ್ಯಾಹ್ನ 3:50

ತನಿಖಾಧಿಕಾರಿಗೆ ನಾನೇ ಫೋನ್ ಮಾಡಿದೆ. ನಾಲ್ಕಕ್ಕೆ ಬರುತ್ತಾರೆ. ವಕೀಲರನ್ನು ಇಟ್ಟುಕೊಳ್ಳಿ, ನಿಮ್ಮ ಮೇಲೂ ಕೇಸ್ ಆಗಬಹುದು ಅಂದರು. ಆಗಲಿ. ಆಮೇಲೆ ತಮ್ಮನಿಗೆ ಮಾಡಿದೆ. ಈ ಸಲ ಎತ್ತಿದ. ಡೈರಿ ಕೊಡುತ್ತಿದ್ದೇನೆ ಅಂದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೇಳಿದ —

“ನಂಗೆಷ್ಟು ವರ್ಷ ಆಗುತ್ತೆ ಅಕ್ಕಾ? ಓದಿದೀಯಂತಲ್ಲ.”

ಓದಿದ್ದನ್ನು ಹೇಳಿದೆ.

“ಮತ್ತೆ ನಿಂಗೆ?”

ನನ್ನ ಪಾಲಿನ ಪುಟ ಓದಿರಲಿಲ್ಲ. ಓದು, ಕೇಳ್ತೀನಿ ಅಂದ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಕಷ್ಟದ ಪದ ಬಂದಲ್ಲೆಲ್ಲ ಅವನೇ ಅರ್ಥ ಹೇಳಿದ. ಡಿಕ್ಷನರಿ ಬೇಕಾಗಲಿಲ್ಲ. ಈಗ ಬಾಗಿಲು ಬಡಿಯುತ್ತಿದ್ದಾರೆ. ಫೋನು ಮೇಜಿನ ಮೇಲಿದೆ. ಅವನು ಇನ್ನೂ ಇಟ್ಟಿಲ್ಲ, ನಾನೂ